ಚೆನ್ನಬಸಮ್ಮನ ಬಲಗೈಯೂ ಆರು ಕಂತುಗಳೂ

ಚಿತ್ತವಾಡ್ಗಿಯ ಚೆನ್ನಬಸಮ್ಮ ಏನೂ ಕೆಲಸ ಮಾಡುವವಳಲ್ಲ. ಹಾಗಂತ ಒಂದು ಇನ್ಶೂರೆನ್ಸ್ ಕಂಪನಿ ಅಚ್ಚು ಹಾಕಿದ ಕಾಗದದಲ್ಲಿ, ಮೊಹರು ಸಮೇತ ಹೇಳಿದೆ. ಈ ಕೆಲಸವಿಲ್ಲದ ಹೆಂಗಸು ಮಾಡುತ್ತಿದ್ದದ್ದು ಇಷ್ಟೇ: ಬೆಳಗಿನ ನಾಲ್ಕೂವರೆಗೆ ಎದ್ದು ಒಲೆ ಹಚ್ಚುವುದು, ಎಸರಿಡುವುದು, ಹಿಟ್ಟು ನಾದುವುದು, ಹನ್ನೊಂದು ಗಂಟೆಯ ಒಳಗೆ ಇನ್ನೂರು ಜೋಳದ ರೊಟ್ಟಿ ಬಡಿದು ಬುಟ್ಟಿಗೆ ತುಂಬುವುದು. ನೂರಿಪ್ಪತ್ತು ಮೆತ್ತನೆಯವು, ಹೊಸಪೇಟೆಯ ನಾಗೇಂದ್ರಪ್ಪನ ಖಾನಾವಳಿಗೆ. ಎಂಬತ್ತು ಖಡಕ್, ಸಂಡೂರಿನ ಗಣಿ ಕೆಲಸಗಾರರ ಮೆಸ್ಸಿಗೆ. ಮಧ್ಯಾಹ್ನ ಗಿರಣಿಗೆ ಹೋಗಿ ಮರುದಿನದ ಜೋಳ ಬೀಸಿಕೊಂಡು ಬರುವುದು. ಸಂಜೆ ಶೇಂಗಾ ಹುರಿದು ಚಟ್ನಿಪುಡಿ ಕುಟ್ಟುವುದು. ಹೀಗೆ ಹತ್ತೊಂಬತ್ತು ವರ್ಷ. ಯುಗಾದಿಗೆ ಒಂದು ದಿನ ರಜೆ, ಮಗಳು ಸುಕನ್ಯಾಳ ಮದುವೆಗೆ ಮೂರು ದಿನ. ಆ ಮೂರು ದಿನವೂ ಬೀಗರ ಊಟಕ್ಕೆ ರೊಟ್ಟಿ ಬಡಿದದ್ದು ಆಕೆಯೇ, ಅದು ಬೇರೆ ಮಾತು.

ಗಂಡ ಜಂಬಯ್ಯ ಅದಿರಿನ ಸ್ಟಾಕ್ ಯಾರ್ಡಿನಲ್ಲಿ ವಾಚ್‌ಮನ್. ಖಾಕಿ ಅಂಗಿ, ಕೊರಳಿಗೆ ಸೀಟಿ, ತಿಂಗಳಿಗೆ ಹನ್ನೊಂದು ಸಾವಿರ. ಕೆಟ್ಟ ಮನುಷ್ಯನಲ್ಲ. ಕುಡಿತವಿಲ್ಲ, ಬೈಗುಳವಿಲ್ಲ, ಸಂಬಳ ತಂದು ಹೆಂಡತಿಯ ಕೈಗೇ ಕೊಡುತ್ತಾನೆ. ಆದರೆ ಓಣಿಯ ಕಟ್ಟೆಯ ಮೇಲೆ ಕೂತಾಗ ಮಾತ್ರ ಆತ ಇಡೀ ಮನೆಯನ್ನು ಒಬ್ಬನೇ ಹೊತ್ತುಕೊಂಡು ತಿರುಗುವವನ ಧಾಟಿಯಲ್ಲಿ ಮಾತಾಡುತ್ತಾನೆ. ಚೆನ್ನಬಸಮ್ಮ ಒಳಗಿನಿಂದ ಅದನ್ನು ಕೇಳಿಸಿಕೊಂಡು ಸುಮ್ಮನಿರುತ್ತಿದ್ದಳು. ಗಂಡಸರ ಕಟ್ಟೆ ಮಾತಿಗೆ ಯಾರು ಕಿವಿಗೊಡುತ್ತಾರೆ, ಬಡಿಯುವ ರೊಟ್ಟಿ ಬಡಿದರಾಯಿತು ಎನ್ನುವುದು ಆಕೆಯ ಲೆಕ್ಕ. ಆ ಲೆಕ್ಕವೇ ತಪ್ಪಿತ್ತು.

ಎರಡು ವರ್ಷದ ಹಿಂದೆ ರೊಟ್ಟಿ ಕೋಣೆಗೆ ಆರ್‌ಸಿಸಿ ಹಾಕಿಸಬೇಕೆಂದು ಗಂಡ ಹೆಂಡತಿ ತೀರ್ಮಾನಿಸಿದರು. ತಗಡಿನ ಮಾಡಿನ ಕೆಳಗೆ, ಹೊಸಪೇಟೆಯ ಏಪ್ರಿಲ್ ಬಿಸಿಲಿನಲ್ಲಿ, ಎದುರಿಗೆ ಎರಡು ಒಲೆ ಉರಿಸಿಕೊಂಡು ಕೂತವರಿಗೆ ಮಾತ್ರ ಆ ಸುಖ ಗೊತ್ತು. ಮನೆಯ ಹಕ್ಕುಪತ್ರ ಅಡವಿಟ್ಟು ಒಂದು ಫೈನಾನ್ಸಿನಲ್ಲಿ ಮೂರು ಲಕ್ಷ ಕೇಳಿದರು. ಹೆಂಗಸರ ಹೆಸರಿನಲ್ಲಿದ್ದರೆ ಬಡ್ಡಿ ಅರ್ಧ ಪರ್ಸೆಂಟ್ ಕಡಿಮೆಯೆಂದು ಸಾಲವನ್ನು ಚೆನ್ನಬಸಮ್ಮನ ಹೆಸರಿಗೇ ಮಾಡಿದರು. ತಿಂಗಳ ಕಂತು ಏಳು ಸಾವಿರದ ಏಳ್ನೂರ ಎಂಬತ್ತು, ಐದು ವರ್ಷ.

ಕಾಗದ ತುಂಬಲು ಮನೆಗೆ ಬಂದವನು ಕಿರಣ್ ಕುಮಾರ್ ಎಂಬ ಹುಡುಗ. ನೀಟಾಗಿ ಕ್ರಾಪು ಬಾಚಿದ, ಮಾತಿಗೊಮ್ಮೆ ‘ಅಕ್ಕ’ ಎನ್ನುವ, ಕೈಯಲ್ಲಿ ಟ್ಯಾಬ್ ಹಿಡಿದ ಹುಡುಗ. ಬಂದಾಗ ಬೆಳಗಿನ ಒಂಬತ್ತೂವರೆ, ಚೆನ್ನಬಸಮ್ಮ ಹಂಚಿನ ಮುಂದೆ. ಆತ ಬಾಗಿಲ ಬಳಿ ಕೂತ. ಬಂದವರಿಗೆ ಬರಿ ಚಾ ಕೊಟ್ಟು ಕಳಿಸುವ ಮನೆ ಅದಲ್ಲ. ಬಿಸಿ ರೊಟ್ಟಿ, ಶೇಂಗಾ ಚಟ್ನಿ, ಒಂದಿಷ್ಟು ಮೊಸರು ಹಾಕಿ ತಟ್ಟೆ ಕೊಟ್ಟಳು.

“ಇದರ ಜತಿಗೆ ಸಾಲಕ್ಕೊಂದು ಇನ್ಶೂರೆನ್ಸ್ ಬರ್ತದಕ್ಕ,” ಎಂದ ಕಿರಣ್ ಕುಮಾರ್. “ನಿಮಗ ಜಡ್ಡಾಗಿ ದುಡಿಯಾಕ ಆಗ್ಲಿಲ್ಲ, ಇಲ್ಲಾ ಕೆಲಸ ಹೋತು ಅಂದ್ರ ಆರು ಕಂತು ಕಂಪನಿನ ಕಟ್ತದ. ನೀವು ಆರಾಮ ಮಲ್ಕೊಂಡು ಸುಧಾರಿಸ್ಕೋಬೋದು.”

“ಎಷ್ಟಪಾ ಅದು?”

“ಒಂಬತ್ತು ಸಾವಿರದ ಆರ್ನೂರು. ಸಾಲದಾಗ ಹಿಡ್ಕೊಂತಾರ, ಕೈಯಿಂದ ಕೊಡೋದು ಬ್ಯಾಡ.”

ಕೈಯಿಂದ ಕೊಡದ ದುಡ್ಡು ದುಡ್ಡೇ ಅಲ್ಲ ಎಂಬಂತೆ ಜಂಬಯ್ಯ ತಲೆಯಾಡಿಸಿದ. ಹುಡುಗ ಹೆಸರು, ವಯಸ್ಸು, ಆಧಾರ್ ನಂಬರ್ ಎಲ್ಲ ಒತ್ತುತ್ತಾ ಬಂದು ಕೇಳಿದ: “ಅಕ್ಕಾರು ಏನ್ ಕೆಲಸ ಮಾಡ್ತಾರ್ರಿ?”

ಒಳಗೆ ಟಪ್ ಟಪ್ ಎಂದು ರೊಟ್ಟಿ ಬಡಿಯುವ ಸದ್ದು ಇಡೀ ಓಣಿಗೆ ಕೇಳುತ್ತಿತ್ತು.

“ಏನಿಲ್ರಿ, ಮನ್ಯಾಗ ಇರ್ತಾಳ,” ಎಂದ ಜಂಬಯ್ಯ.

ಆತನ ಮನಸ್ಸಿನಲ್ಲಿ ಕೆಡುಕಿರಲಿಲ್ಲ, ಹೆದರಿಕೆ ಇತ್ತು. ಹೆಂಡತಿಗೂ ದುಡಿಮೆ ಇದೆಯೆಂದು ಎಲ್ಲಾದರೂ ದಾಖಲಾದರೆ ರೇಷನ್ ಕಾರ್ಡು ಕಿತ್ತುಕೊಳ್ಳುತ್ತಾರೆ, ಸರ್ಕಾರದಿಂದ ಬರುವ ಎರಡು ಸಾವಿರ ನಿಂತುಹೋಗುತ್ತದೆ ಎಂದು ಓಣಿಯಲ್ಲೆಲ್ಲ ಮಾತು. ಯಾವ ಕಾಗದ ಯಾವ ಆಫೀಸಿಗೆ ಹೋಗಿ ಬೀಳುತ್ತದೋ ಬಲ್ಲವರು ಯಾರು? ಪಕ್ಕದ ಮನೆಯ ದುರ್ಗಕ್ಕ ಮೂರು ಎಮ್ಮೆ ಕಟ್ಟಿ, ಇಪ್ಪತ್ತು ಮನೆಗೆ ಹಾಲು ಹಾಕುತ್ತಾಳೆ. ಕೇಳಿದರೆ ಆಕೆಯದೂ ಅದೇ ಉತ್ತರ: ಏನಿಲ್ಲವ್ವ, ಸುಮ್ಮನ ಮನ್ಯಾಗ. ಕಣ್ಣು ತಾಗದಿರಲಿ ಎಂದೋ, ಕಾರ್ಡು ಉಳಿಯಲಿ ಎಂದೋ, ದುಡಿಯುತ್ತೇನೆಂದು ಹೆಂಗಸು ಬಾಯಿಬಿಟ್ಟು ಹೇಳುವ ರೂಢಿಯೇ ಆ ಓಣಿಗಿಲ್ಲ. ಚೆನ್ನಬಸಮ್ಮನೂ ರೊಟ್ಟಿ ತಿರುವುತ್ತಾ ಹೂಂ ಎಂದಳು. ಕಿರಣ್ ಕುಮಾರ್ ಆಕೆ ಬಡಿದ ರೊಟ್ಟಿಯ ತುತ್ತನ್ನು ಬಾಯಲ್ಲಿಟ್ಟುಕೊಂಡು, ಚಟ್ನಿ ಹತ್ತದ ಬೆರಳಿನಿಂದ ‘ಗೃಹಿಣಿ’ ಎಂದು ಒತ್ತಿದ. ಆಮೇಲೆ ಇನ್ನೊಂದು ರೊಟ್ಟಿ ಹಾಕಿಸಿಕೊಂಡ.

ಆರ್‌ಸಿಸಿ ಬಿತ್ತು. ರೊಟ್ಟಿಯ ದುಡ್ಡಿನಿಂದ ಕಂತು ತಪ್ಪದೆ ಹೋಯಿತು, ಜಂಬಯ್ಯನ ಸಂಬಳ ಮನೆಖರ್ಚಿಗಾಯಿತು. ಈ ವರ್ಷದ ಮಾರ್ಚಿನಲ್ಲಿ, ಗಿರಣಿಯಿಂದ ಹಿಟ್ಟಿನ ಚೀಲ ಹೊತ್ತು ಆಟೋದಿಂದ ಇಳಿಯುವಾಗ ಚೆನ್ನಬಸಮ್ಮನ ಕಾಲು ಜಾರಿತು. ಚೀಲ ಬಿಟ್ಟಿದ್ದರೆ ಏನೂ ಆಗುತ್ತಿರಲಿಲ್ಲ. ಹದಿನೈದು ಕಿಲೋ ಹಿಟ್ಟು ಮಣ್ಣುಪಾಲಾಗಬಾರದೆಂದು ಬಲಗೈ ಊರಿದಳು. ಹಿಟ್ಟು ಉಳಿಯಿತು, ಮಣಿಕಟ್ಟು ಎರಡು ಕಡೆ ಮುರಿಯಿತು.

ಡಾಕ್ಟರು ಒಂದೂವರೆ ತಿಂಗಳಿಗೆ ಕಟ್ಟು ಹಾಕಿದರು. ಕಟ್ಟು ಬಿಚ್ಚಿದ ಮೇಲೂ ಮೂರು ತಿಂಗಳು ಆ ಕೈಯಲ್ಲಿ ಭಾರದ ಕೆಲಸ ಮಾಡಬಾರದೆಂದು ಚೀಟಿ ಬರೆದುಕೊಟ್ಟರು. ರೊಟ್ಟಿಯೆಂದರೆ ಪೂರ್ತಿ ಕೈಯ ಕೆಲಸ. ಎಡಗೈಯಿಂದ ತಿರುಗಿಸುತ್ತಾ ಬಲಗೈಯಿಂದ ಬಡಿಯಬೇಕು, ಬಡಿತದ ತೂಕ ಒಂದಿಷ್ಟು ಹೆಚ್ಚುಕಡಿಮೆಯಾದರೂ ಅಂಚು ಬಿರಿಯುತ್ತದೆ. ಅಂಗಡಿಯಲ್ಲಿ ಕೂತು ಒಂದೇ ಕೈಯಲ್ಲಿ ಚಿಲ್ಲರೆ ಎಣಿಸುವ ಕೆಲಸ ಅದಲ್ಲ. ಒಲೆ ಆರಿತು. ಖಾನಾವಳಿಯ ನಾಗೇಂದ್ರಪ್ಪ ಬಳ್ಳಾರಿಯಿಂದ ಮಷೀನ್ ರೊಟ್ಟಿ ತರಿಸತೊಡಗಿದ.

ಮಾರ್ಚಿನ ಕಂತು ಕೂಡಿಟ್ಟಿದ್ದರಲ್ಲಿ ಹೋಯಿತು, ಉಳಿದದ್ದು ಆಸ್ಪತ್ರೆಗೆ ಹೋಯಿತು. ಆಗ ಚೆನ್ನಬಸಮ್ಮನಿಗೆ ಇನ್ಶೂರೆನ್ಸ್ ನೆನಪಾಯಿತು. ಮುಖ ಅರಳಿತು ಕೂಡ. ಡಾಕ್ಟರ ಚೀಟಿ, ಎಕ್ಸ್‌ರೇ, ಆಧಾರ್ ಎಲ್ಲ ಪ್ಲಾಸ್ಟಿಕ್ ಚೀಲದಲ್ಲಿಟ್ಟುಕೊಂಡು ಫೈನಾನ್ಸಿಗೆ ಹೋಗಿ ಅರ್ಜಿ ಕೊಟ್ಟಳು. ಏಪ್ರಿಲ್ ಕಂತು ಬೌನ್ಸ್ ಆಯಿತು, ಆಗಲಿ, ಕಂಪನಿ ಕಟ್ಟುತ್ತದಲ್ಲ ಎಂದು ಧೈರ್ಯದಿಂದಿದ್ದಳು.

ಹದಿನೆಂಟನೆಯ ದಿನಕ್ಕೆ ಕಾಗದ ಬಂತು, ಇಂಗ್ಲಿಷಿನಲ್ಲಿ. ಸಾಲ ಮಾರುವಾಗ ಕನ್ನಡದಲ್ಲಿ ಅಕ್ಕ ಅಕ್ಕ ಎನ್ನುವವರಿಗೆ ಇಲ್ಲ ಎನ್ನುವಾಗ ಇಂಗ್ಲಿಷೇ ಬೇಕು. ಅದರ ಫೋಟೋ ಹೊಡೆದು ಕಂಪ್ಲಿಯಲ್ಲಿದ್ದ ಸುಕನ್ಯಾಳಿಗೆ ಕಳಿಸಿದಳು. ಮಗಳು ಅಲ್ಲೊಂದು ಕಂಪ್ಯೂಟರ್ ಸೆಂಟರಿನಲ್ಲಿ ಟೈಪಿಂಗ್ ಮಾಡುತ್ತಾಳೆ, ಇಂತಹ ಕಾಗದಗಳನ್ನು ಓದಿ ಓದಿ ಪಳಗಿದ್ದಾಳೆ.

“ಅವ್ವಾ, ಇಲ್ಲ ಅಂದಾರವ್ವ,” ಎಂದಳು ಫೋನಿನಲ್ಲಿ. “ನೀನು ಗೃಹಿಣಿ ಅಂತ. ಗೃಹಿಣಿಗೆ ದುಡಿಮಿ ಇಲ್ಲ. ಕೈ ಮುರದ್ರೂ ದುಡಿಮಿ ನಷ್ಟ ಆಗಂಗಿಲ್ಲ. ಅದಕ ಕಂತು ಕಟ್ಟಂಗಿಲ್ಲ ಅಂತ.”

ಚೆನ್ನಬಸಮ್ಮನಿಗೆ ಮೊದಲು ಅರ್ಥವೇ ಆಗಲಿಲ್ಲ. “ಯಾರು ಹೇಳಿದ್ರಂತ ಅವರಿಗೆ?”

“ಫಾರ್ಮಿನಾಗ ಹಂಗ ಐತಿ.”

ಆಕೆ ತಿರುಗಿ ಗಂಡನನ್ನು ನೋಡಿದಳು. ಜಂಬಯ್ಯ ಸೀಟಿಯ ದಾರ ಸರಿಮಾಡಿಕೊಳ್ಳತೊಡಗಿದ. ಆಕೆಗೆ ಅರ್ಧ ಸಿಟ್ಟು ಗಂಡನ ಮೇಲೆ, ಅರ್ಧ ಹೂಂಗುಟ್ಟಿದ ತನ್ನ ಬಾಯಿಯ ಮೇಲೆ.

ಮರುದಿನ ಫೈನಾನ್ಸಿಗೆ ಹೋಗಿ ಕಿರಣ್ ಕುಮಾರನ ಮೇಜಿನ ಮುಂದೆ ಕೂತಳು.

“ತಮ್ಮಾ, ನಾ ಏನೂ ಮಾಡಂಗಿಲ್ಲ ಅಂದ್ರ, ದುಡಿಮಿ ನಿಂತ್ರ ಕೊಡೋ ಇನ್ಶೂರೆನ್ಸ್ ನನಗ ಯಾಕ ಮಾರಿದಿ? ಒಂಬತ್ತು ಸಾವಿರದ ಆರ್ನೂರು ತಗೊಳ್ಳೋವಾಗ ಗೃಹಿಣಿ ಅಂತ ಕಾಣಲಿಲ್ಲೇನು?”

ಆತ ಕಂಪ್ಯೂಟರ್ ಕಡೆ ತಿರುಗಿ, “ಸಿಸ್ಟಮ್ ತಗೊಂತದಕ್ಕ, ಎಲ್ಲಾ ಸಾಲಕ್ಕೂ ಅದು ತಾನೇ ಸೇರ್ತದ,” ಎಂದ.

“ನೀನು ನಮ್ಮ ಮನ್ಯಾಗ ಎಷ್ಟು ರೊಟ್ಟಿ ತಿಂದಿ ಅವತ್ತು?”

“ಅಕ್ಕ, ಅದು...”

“ಮೂರು. ಆ ರೊಟ್ಟಿ ಯಾರ್ ಬಡದ್ರು, ನಿನ್ನ ಸಿಸ್ಟಮ್ಮಾ?”

ಹುಡುಗ ತಲೆ ಕೆರೆದುಕೊಂಡ. ಆಕೆ ಕೆಲಸ ಮಾಡುತ್ತಿದ್ದಳೆಂದು ತೋರಿಸುವ ಪುರಾವೆ ತಂದರೆ ಮತ್ತೆ ಕಳಿಸಬಹುದು ಎಂದ. ರೊಟ್ಟಿ ಕೊಳ್ಳುವವರ ಪತ್ರ, ಲೆಕ್ಕದ ಬುಕ್ಕು, ಏನಾದರೂ. ಜತೆಗೆ ಇನ್ನೊಂದು ಮಾತನ್ನೂ ತಗ್ಗಿದ ದನಿಯಲ್ಲಿ ಹೇಳಿದ. ಮೂರು ಕಂತು ಬೌನ್ಸ್ ಆದರೆ ರಿಕವರಿಯವರು ಬಂದು ಮನೆಯ ಗೋಡೆಯ ಮೇಲೆ ‘ಈ ಮನೆ ಅಡಮಾನದಲ್ಲಿದೆ’ ಎಂದು ಕೆಂಪು ಬಣ್ಣದಲ್ಲಿ ಬರೆಯುತ್ತಾರೆ. ಒಂದು ಆಗಲೇ ಆಗಿತ್ತು.

ಆ ಕೆಂಪು ಬಣ್ಣವೇ ಚೆನ್ನಬಸಮ್ಮನ ಎದೆಯಲ್ಲಿ ಕೂತುಬಿಟ್ಟಿತು. ಓಣಿಯ ಮೂಲೆಯ ಒಂದು ಮನೆಗೆ ಹಾಗೆ ಬರೆದು ಹೋಗಿದ್ದರು. ಸಾಲ ತೀರಿ ಎರಡು ವರ್ಷವಾದರೂ, ಮೂರು ಸಲ ಸುಣ್ಣ ಬಳಿದರೂ, ಅಕ್ಷರ ಇಣುಕಿ ನೋಡುತ್ತಲೇ ಇದ್ದವು. ಆ ಮನೆಯ ಹೆಂಗಸು ಈಗಲೂ ನೀರಿಗೆ ಬಂದಾಗ ತಲೆ ಎತ್ತುವುದಿಲ್ಲ.

ಮೊದಲು ನಾಗೇಂದ್ರಪ್ಪನ ಖಾನಾವಳಿ. ಹತ್ತೊಂಬತ್ತು ವರ್ಷದ ಗಿರಾಕಿ, ಎರಡು ಸಾಲು ಬರೆದುಕೊಡಲು ಏನು ಕಷ್ಟ? ಆತ ಕುಂದ್ರಿ ಎಂದ, ಚಾ ತರಿಸಿದ, ಕೈ ನೋಡಿ ಲೊಚಗುಟ್ಟಿದ. ಪತ್ರದ ಮಾತು ಬಂದಕೂಡಲೇ ಮುಖ ಮುಚ್ಚಿದ ಅಂಗಡಿಯಾಯಿತು.

“ಚೆನ್ನಬಸಕ್ಕ, ಮ್ಯಾಲೆ ನೋಡು.”

ಗಲ್ಲಾಪೆಟ್ಟಿಗೆಯ ಮೇಲಿನ ಬೋರ್ಡು ಆಕೆಗೆ ಗೊತ್ತಿದ್ದದ್ದೇ. ‘ನಮ್ಮ ಮನೆಯಲ್ಲೇ ಬಡಿದ ಬಿಸಿ ರೊಟ್ಟಿ’ ಎಂದು ಬರೆದು, ಪಕ್ಕದಲ್ಲಿ ನಾಗೇಂದ್ರಪ್ಪನ ಹೆಂಡತಿ ತಲೆತುಂಬ ಸೆರಗು ಹೊದ್ದು ಹಂಚಿನ ಮುಂದೆ ಕೂತ ಫೋಟೋ ಹಾಕಿದ್ದರು. ಆ ಪುಣ್ಯಾತ್ಗಿತ್ತಿ ಮನೆಯಲ್ಲಿ ತಿನ್ನುವುದೂ ಚೆನ್ನಬಸಮ್ಮನ ರೊಟ್ಟಿಯನ್ನೇ.

“ಹಂಪಿಗೆ ಬಂದ ಮಂದಿ ಆ ಫೋಟೋ ನೋಡಿ ಒಳಗ ಬರ್ತಾರಕ್ಕ. ರೊಟ್ಟಿ ಹೊರಗಿಂದು ಅಂತ ನಾನ ಸಹಿ ಹಾಕಿ ಕೊಟ್ರ ನಾಳಿ ಯಾವನರ ಅದನ್ನ ಮೊಬೈಲಿಗೆ ಹಾಕ್ತಾನ. ಬ್ಯಾಡ. ನಿನಗ ಐನೂರು ಬೇಕಾದ್ರ ತಗೊ.”

“ಆ ಐನೂರರಾಗ ನಿನ್ನ ಫೋಟೋಕ್ಕ ಚೌಕಟ್ಟು ಹಾಕ್ಸು,” ಎಂದು ಚಾ ಮುಟ್ಟದೆ ಎದ್ದು ಬಂದಳು. ದಾರಿಯುದ್ದಕ್ಕೂ ಮೈ ಉರಿಯುತ್ತಿತ್ತು. ತನ್ನ ಕೆಲಸವನ್ನು ತನ್ನ ಗಂಡ ಇಲ್ಲವೆಂದ, ಇವನು ಅದನ್ನು ಎತ್ತಿ ತನ್ನ ಹೆಂಡತಿಯ ಕೊರಳಿಗೆ ಹಾಕಿದ. ಎಲ್ಲರಿಗೂ ರೊಟ್ಟಿ ಬೇಕು, ಬಡಿದವಳು ಬೇಡ.

ಇನ್ನುಳಿದದ್ದು ಸಂಡೂರು. ಕೊರಳಿಗೆ ಕೈ ಜೋತುಹಾಕಿಕೊಂಡು, ಅದಿರಿನ ಲಾರಿಗಳ ಕೆಂಪು ದೂಳು ನುಂಗುತ್ತಾ, ಬಸ್ಸಿನಲ್ಲಿ ಎಡಗೈಯಿಂದ ಕಂಬಿ ಹಿಡಿದು ನಿಂತುಕೊಂಡೇ ಹೋದಳು. ಮೆಸ್ಸಿನ ಹಿರೇ ಅಡುಗೆಯವ ಮುದುಕಪ್ಪ. ಹೆಸರಿಗೆ ತಕ್ಕಂತೆ ಮುದುಕ, ಸಿಡುಕ, ಆದರೆ ನಾಲ್ಕು ವರ್ಷದಿಂದ ಒಂದು ದಿನವೂ ಬಿಡದೆ ರಿಜಿಸ್ಟರ್ ಬರೆದಿಟ್ಟವನು. ಅರಿಶಿನ, ಎಣ್ಣೆ ಕಲೆ ಹತ್ತಿದ ಆ ಬುಕ್ಕಿನ ಪುಟಪುಟದಲ್ಲೂ ‘ರೊಟ್ಟಿ ಎಂಬತ್ತು, ಚೆನ್ನಬಸಮ್ಮ, ಚಿತ್ತವಾಡ್ಗಿ’ ಎಂದಿತ್ತು. ತನ್ನ ಹೆಸರನ್ನು ಅಷ್ಟೊಂದು ಸಲ ಒಂದೇ ಕಡೆ ಆಕೆ ಎಂದೂ ಕಂಡಿರಲಿಲ್ಲ.

“ಒಂದು ತಿಂಗಳಾತು, ಹುಡುಗ್ರು ಅನ್ನ ತಿಂದು ನನ್ನ ಬೈಯಾಕತ್ಯಾರ,” ಎಂದ ಮುದುಕಪ್ಪ. “ಎಲ್ಲಿ ಜೆರಾಕ್ಸ್ ಮಾಡಸ್ಬೇಕು ಹೇಳು. ಸಿಕ್ಕಾ ನಾ ಹಾಕಿಸ್ಕೊಡ್ತೀನಿ.”

ಇನ್ನೂರ ಹತ್ತು ಪುಟದ ಜೆರಾಕ್ಸು, ಮೆಸ್ಸಿನ ಮೊಹರು. ಚೆನ್ನಬಸಮ್ಮನಿಗೆ ಕಣ್ಣು ತುಂಬಿ ಬಂತು. ಆ ಕಟ್ಟನ್ನು ಕಂಪನಿಗೆ ಕಳಿಸಿ, ಮೇ ತಿಂಗಳ ಕಂತೂ ಬೌನ್ಸ್ ಆಗುವುದನ್ನು ನೋಡುತ್ತಾ ಕೂತಳು. ಎರಡಾಯಿತು.

ಮೇ ಕೊನೆಗೆ ಎರಡನೆಯ ಕಾಗದ ಬಂತು. ಇದನ್ನು ಸುಕನ್ಯಾ ಎರಡು ಸಲ ಓದಿದಳು, ತಾನೇ ತಪ್ಪು ಓದುತ್ತಿದ್ದೇನೇನೋ ಎಂದು.

“ಅವ್ವಾ, ಈ ಸಲ ನೀನು ಕೆಲಸ ಮಾಡ್ತಿದ್ದಿ ಅಂತ ಒಪ್ಕೊಂಡಾರ.”

“ಅಪ್ಪಾ ಪಂಪಾಪತಿ!”

“ತಡಿ ಅವ್ವ. ಒಪ್ಕೊಂಡು, ಹಂಗಾದ್ರ ಫಾರ್ಮಿನಾಗ ಅದನ್ನ ಮುಚ್ಚಿಟ್ಟಿ ಅಂತಾರ. ನಿಜ ಮುಚ್ಚಿಟ್ಟಿದ್ದಕ್ಕ ಪಾಲಿಸಿನ ರದ್ದು ಮಾಡ್ಯಾರ.”

ಕೆಲಸ ಮಾಡುವುದಿಲ್ಲ, ಆದ್ದರಿಂದ ದುಡ್ಡಿಲ್ಲ. ಕೆಲಸ ಮಾಡುತ್ತಾಳೆ, ಆದ್ದರಿಂದಲೂ ದುಡ್ಡಿಲ್ಲ. ಇದನ್ನು ಬರೆದವನು ಎಲ್ಲೋ ಏಸಿ ಕೋಣೆಯಲ್ಲಿ ಕೂತು, ಮಧ್ಯಾಹ್ನದ ಡಬ್ಬಿ ಬಿಚ್ಚಿ, ಯಾರೋ ಮಾಡಿಕೊಟ್ಟ ಚಪಾತಿ ತಿಂದು ಕೈ ತೊಳೆದುಕೊಂಡಿರುತ್ತಾನೆ. ಆ ಯಾರೋ ಹೆಂಗಸೂ ಅವನ ಲೆಕ್ಕದಲ್ಲಿ ಏನೂ ಮಾಡುವುದಿಲ್ಲ.

ಮತ್ತೆ ಫೈನಾನ್ಸು. ಕಿರಣ್ ಕುಮಾರನ ಕುರ್ಚಿಯಲ್ಲಿ ಬೇರೆಯವನು ಕೂತಿದ್ದ. ಕಿರಣ್ ಕುಮಾರ್ ಕೆಲಸ ಬಿಟ್ಟು ಇನ್ನೊಂದು ಫೈನಾನ್ಸಿಗೆ ಹೋಗಿದ್ದ, ಅಲ್ಲಿ ಯಾರ ಮನೆಯ ರೊಟ್ಟಿ ತಿನ್ನುತ್ತಿದ್ದನೋ. ಹೊಸಬ ಈಶ್ವರ್ ಎಂಬವನು ಕಾಗದಗಳನ್ನು ತಾಳ್ಮೆಯಿಂದ ತಿರುವಿ ನೋಡಿದ, ಅದೊಂದು ದೊಡ್ಡ ಗುಣ.

“ಅಮ್ಮಾರ, ಇನ್ಶೂರೆನ್ಸ್ ಕಂಪನಿ ಮ್ಯಾಲೆ ದೂರು ಕೇಳಾಕ ಒಂದು ಆಫೀಸ್ ಐತ್ರಿ ಬೆಂಗಳೂರಾಗ. ಅಲ್ಲಿಗೆ ಬರೀರಿ, ದುಡ್ಡೇನು ಕೊಡಂಗಿಲ್ಲ. ಆದ್ರ ನೀವು ಮುಚ್ಚಿಟ್ಟಿಲ್ಲ ಅಂತ ತೋರಸ್ಬೇಕು. ಫಾರ್ಮ್ ತುಂಬೋವಾಗ ಏನು ಕೆಲಸ ಅಂತ ಹೇಳ್ದೋರು ಯಾರು?”

“ನಮ್ಮ ಮನಿಯವರು.”

“ಹಂಗಾದ್ರ ಅವ್ರ ಕಡಿಂದ ಬರಸ್ಕೊಂಡು ಬರ್ರಿ. ನನ್ನ ಹೆಂಡ್ತಿ ರೊಟ್ಟಿ ಮಾಡಿ ದುಡೀತಿದ್ಲು, ಏಜೆಂಟ ಕಣ್ಣಾರೆ ನೋಡ್ಯಾನ, ಬಾಯಿ ಮಾತಿಗೆ ಮನ್ಯಾಗ ಇರ್ತಾಳ ಅಂದಾವ ನಾನು ಅಂತ. ಅದಿದ್ರ ಕೇಸು ಗಟ್ಟಿ ಆಗ್ತದ. ಕಂತು ಮಾತ್ರ ಜೂನ್ ಐದಕ್ಕ ಹೆಂಗರ ಮಾಡಿ ಕಟ್ರಿ. ಮೂರನೇದು ಆತಂದ್ರ ನನ್ನ ಕೈಯಾಗ ಏನೂ ಇಲ್ಲ.”

ಚೆನ್ನಬಸಮ್ಮ ಮನೆಗೆ ಬಂದು ಗಂಡನ ಮುಂದೆ ಹಾಳೆ, ಪೆನ್ನು ಇಟ್ಟಳು. ಜಂಬಯ್ಯ ಎಸ್ಸೆಸ್ಸೆಲ್ಸಿ ಓದಿದವನು, ಅಕ್ಷರ ಮುತ್ತಿನಂಥವು, ಓಣಿಯವರೆಲ್ಲ ಅರ್ಜಿ ಬರೆಸಲು ಬರುವುದು ಆತನ ಬಳಿಗೇ.

“ನಾ ತಪ್ಪು ಮಾಡೀನಿ ಅಂತ ನಾನ ಬರ್ಕೊಡ್ಲಾ?” ಎಂದ. “ನಾಳಿ ರೇಷನ್ ಕಾರ್ಡ್ ಹೋದ್ರ? ಹೆಂಡ್ತಿ ದುಡಿಮ್ಯಾಗ ಕುಂತಾನ ಅಂತ ಮಂದಿ ಅಂದ್ರ?”

“ಗೋಡಿ ಮ್ಯಾಲೆ ಕೆಂಪು ಬಣ್ಣದಾಗ ಬರದ್ರ ಮಂದಿ ಏನ್ ಅಂತಾರ್ರಿ?”

“ಹೆಂಗರ ಕಂತು ಕಟ್ಟೋಣ ಬಿಡು. ಕಾಗದ ಬ್ಯಾಡ.”

ಪೆನ್ನನ್ನು ಎತ್ತಿ ಮೂಲೆಗಿಟ್ಟ. ಒಬ್ಬ ಮನುಷ್ಯನನ್ನು ಇಪ್ಪತ್ತಾರು ವರ್ಷ ಬಲ್ಲ ಹೆಂಗಸಿಗೆ ಎಲ್ಲಿ ಒತ್ತಿದರೆ ಬಾಗುತ್ತಾನೆಂದು ಗೊತ್ತಿರುತ್ತದೆ. ಆದರೆ ಚೆನ್ನಬಸಮ್ಮನಿಗೆ ಅಂದು ಒತ್ತುವ ತ್ರಾಣವೂ ಇರಲಿಲ್ಲ. ಎಲ್ಲರ ಬಳಿ ಬೇಡಿ ಬೇಡಿ ಸಾಕಾಗಿತ್ತು. ಮನೆಯೊಳಗೂ ಬೇಡಬೇಕೆ?

ಅದೇ ವಾರ ಖಾನಾವಳಿಯ ನಾಗೇಂದ್ರಪ್ಪ ತಾನೇ ಬೈಕು ಹತ್ತಿ ಬಂದ. ಮಷೀನ್ ರೊಟ್ಟಿ ಹಪ್ಪಳದಂತೆ ಮುರಿಯುತ್ತವೆಂದು ಗಿರಾಕಿಗಳು ಫೋಟೋ ತೋರಿಸಿ ಬೈಯುತ್ತಿದ್ದರಂತೆ. ದಿನಕ್ಕೆ ಅರವತ್ತಾದರೂ ಕೊಡು, ಹೆಂಗಾದರೂ ಮಾಡಿ ಕೊಡು ಎಂದು ಅಂಗಲಾಚಿದ. ಚೆನ್ನಬಸಮ್ಮ ಅವನಿಗೆ ಕುಂದ್ರಿ ಎನ್ನಲಿಲ್ಲ. ನಾಲ್ಕು ಸಾವಿರ ಮುಂಗಡ ಇಟ್ಟರೆ ಮೂರು ದಿನ ಬಿಟ್ಟು ಅರವತ್ತು ಕೊಡುತ್ತೇನೆಂದಳು. ಆತ ತುಟಿಪಿಟಕ್ಕೆನ್ನದೆ ಎಣಿಸಿಟ್ಟ. ಆತ ಹೋದ ಮೇಲೆ ಜಂಬಯ್ಯ ಕೇಳಿದ: “ಕೈ ನೆಟ್ಟಗಿಲ್ಲ. ಯಾರು ಬಡೀತಾರ?”

“ನೀವು,” ಎಂದಳು ಚೆನ್ನಬಸಮ್ಮ.

ಹೆಂಗರ ಮಾಡಿ ಕಟ್ಟೋಣ ಎಂದವನು ಆತನೇ, ಈಗ ಹಿಂದೆ ಸರಿಯುವಂತಿರಲಿಲ್ಲ. ಹತ್ತು ದಿನ ಯಾರ್ಡಿಗೆ ರಜೆ ಹಾಕಿದ. ಬೆಳಗಿನ ನಾಲ್ಕೂವರೆಗೆ, ಓಣಿಯವರು ನೋಡದಿರಲೆಂದು ಬಾಗಿಲಿಗೆ ಚಿಲಕ ಹಾಕಿ, ಹಂಚಿನ ಮುಂದೆ ಕೂತ. ಹೆಂಡತಿ ಪಕ್ಕದಲ್ಲಿ ಮಣೆ ಹಾಕಿಕೊಂಡು ಎಡಗೈ ತೋರಿಸುತ್ತಾ ಕೂತಳು.

ಮೊದಲ ದಿನದ ರೊಟ್ಟಿಗಳನ್ನು ದುರ್ಗಕ್ಕನ ಎಮ್ಮೆಗಳು ತಿಂದವು. ಮೂರನೆಯದೂ ಹರಿದಾಗ ಜಂಬಯ್ಯ ಹಿಟ್ಟಿಗೆ ಬೈದ, ಎಸರಿಗೆ ಬೈದ, ಜೋಳಕ್ಕೆ ಜಿಗಿಯೇ ಇಲ್ಲವೆಂದ. “ಅದಽ ಜೋಳ, ಅದಽ ಗಿರಣಿ. ಹಿಟ್ಟಿನ ಮ್ಯಾಲೆ ಹಾಕಬ್ಯಾಡ್ರಿ, ಅಂಗೈ ಸಡಲ ಬಿಡ್ರಿ,” ಎಂದಳು. ಎರಡನೆಯ ದಿನಕ್ಕೆ ಮೂವತ್ತು ರೊಟ್ಟಿ ತಟ್ಟೆಯ ಆಕಾರಕ್ಕೆ ಬಂದವು. ಅಂಗೈಯಲ್ಲಿ ಬೊಬ್ಬೆ ಎದ್ದವು. ಸೊಂಟ ಹಿಡಿದು ಹಾಸಿಗೆಗೆ ಬಿದ್ದರೆ ಸಂಜೆಯವರೆಗೆ ಏಳಲಿಲ್ಲ. ನಾಲ್ಕನೆಯ ದಿನಕ್ಕೆ ಅರವತ್ತು ತುಂಬಿತು. ಬಾಗಿಲ ಚಿಲಕ ಹಾಕುವುದನ್ನು ಯಾವಾಗ ಮರೆತನೋ, ಆರನೆಯ ದಿನ ದುರ್ಗಕ್ಕ ಹಾಲು ತಂದವಳು ಒಳಗೆ ಇಣುಕಿ ಕಿಸಕ್ಕೆಂದಳು. ಆತನಿಗೆ ಅದನ್ನು ಕೇಳಿಸಿಕೊಳ್ಳಲೂ ಪುರಸೊತ್ತಿರಲಿಲ್ಲ. ಹಂಚಿನ ಮೇಲಿನ ರೊಟ್ಟಿ ಉಬ್ಬುತ್ತಿತ್ತು.

ಜೂನ್ ಐದರ ಕಂತು ಜೂನ್ ನಾಲ್ಕಕ್ಕೇ ಕಟ್ಟಿದರು. ಮುಂಗಡದ ನಾಲ್ಕು ಸಾವಿರಕ್ಕೆ ರೊಟ್ಟಿಯ ದುಡ್ಡು ಸೇರಿಸಿ, ಕಡಿಮೆ ಬಿದ್ದದ್ದನ್ನು ಜಂಬಯ್ಯನ ಸಂಬಳದಿಂದ ತುಂಬಿದರು. ಗೋಡೆ ಈ ತಿಂಗಳ ಮಟ್ಟಿಗೆ ಉಳಿಯಿತು. ಮುಂದಿನ ತಿಂಗಳು ಮತ್ತೆ ಐದನೇ ತಾರೀಖು ಇದ್ದೇ ಇತ್ತು.

ಒಂಬತ್ತನೆಯ ದಿನ, ನಲವತ್ತು ರೊಟ್ಟಿ ಮುಗಿದು ಇಪ್ಪತ್ತು ಉಳಿದಿದ್ದಾಗ, ಜಂಬಯ್ಯನ ಫೋನು ಬಡಿದುಕೊಂಡಿತು. ಯಾರ್ಡಿನ ಸೂಪರ್‌ವೈಸರ್. ಒಬ್ಬ ವಾಚ್‌ಮನ್ ಬಂದಿಲ್ಲ, ಇವತ್ತೊಂದಿನ ಬಾ ಎಂದು ಕರೆಯುತ್ತಿದ್ದ. ಜಂಬಯ್ಯ ಹಿಟ್ಟಿನ ಕೈಯನ್ನು ಮೇಲೆತ್ತಿ, ಫೋನನ್ನು ಭುಜಕ್ಕೂ ಕಿವಿಗೂ ನಡುವೆ ಸಿಕ್ಕಿಸಿಕೊಂಡು ರೇಗಿಯೇ ಹೇಳಿದ:

“ಆಗಂಗಿಲ್ರಿ ಸರ. ಕೆಲಸದಾಗ ಅದೀನಿ. ಏನು ಕೆಲಸ ಅಂದ್ರ? ರೊಟ್ಟಿ ಕೆಲಸ್ರಿ. ಇನ್ನೂ ಇಪ್ಪತ್ತು ಅದಾವ, ನಡುವ ಬಿಟ್ಟು ಎದ್ದು ಬರೋ ಕೆಲಸ ಅಲ್ರಿ ಇದು. ನಿಮಗ ಗೊತ್ತಾಗಂಗಿಲ್ಲ.”

ಚೆನ್ನಬಸಮ್ಮ ಹಿಟ್ಟಿನ ಉಂಡೆ ಮುಂದೆ ನೂಕುತ್ತಿದ್ದವಳು ಕೈ ಅಲ್ಲಿಯೇ ಬಿಟ್ಟಳು. ಸಿಟ್ಟು ಬಂತು. ಇನ್ಶೂರೆನ್ಸ್ ಕಂಪನಿಯ ಎರಡೂ ಕಾಗದ ಸೇರಿಸಿದರೂ ಬರದಷ್ಟು ಸಿಟ್ಟು. ತಾನು ಇಷ್ಟು ವರ್ಷ ಬಡಿದರೆ ಮನೆಯಲ್ಲಿರುವುದು, ಈತ ಒಂಬತ್ತು ದಿನ ಬಡಿದರೆ ಕೆಲಸ! ಅಳುವೂ ಬಂತು, ಅದನ್ನು ನುಂಗಿಕೊಂಡಳು. ಎದ್ದು ಹೋಗಿ ಮೂಲೆಯಲ್ಲಿದ್ದ ಹಾಳೆ, ಪೆನ್ನು ತಂದು ಮಣೆಯ ಮೇಲೆ, ಹಿಟ್ಟಿನ ಪಕ್ಕದಲ್ಲೇ ಇಟ್ಟಳು.

“ಈಗ ಅವರಿಗೆ ಹೇಳಿದ್ರಲ್ಲ, ಅದನ್ನ ಬರ್ರಿ.”

ಜಂಬಯ್ಯ ಹಾಳೆ ನೋಡಿದ, ತನ್ನ ಅಂಗೈ ನೋಡಿಕೊಂಡ. ತಾನು ಏನು ಹೇಳಿದೆನೆಂದು ಆಗ ಹೊಳೆದಿರಬೇಕು. ಹೆಂಡತಿಯ ಮುಖ ನೋಡಲಿಲ್ಲ. ಕೈ ತೊಳೆದುಕೊಂಡು ಬಂದು, ಹಂಚಿನ ಉರಿ ತಗ್ಗಿಸಿ, ಬಗ್ಗಿ ಬರೆಯತೊಡಗಿದ. ಬರೆದು ಮುಗಿಸಿ, ತಲೆ ಕೆಳಗೆ ಹಾಕಿಕೊಂಡೇ ಹಾಳೆ ಚಾಚಿದ. ಚೆನ್ನಬಸಮ್ಮ ಅಕ್ಷರ ಕೂಡಿಸಿಕೊಂಡು ಓದಿದಳು: ‘ಮಾನ್ಯರೇ, ನಾನು ಹಾಗೂ ನನ್ನ ಪತ್ನಿ ರೊಟ್ಟಿ ವ್ಯಾಪಾರ ಮಾಡಿಕೊಂಡು ಬಂದಿದ್ದು, ಸದರಿ ಕೆಲಸದಲ್ಲಿ ಆಕೆ ನನಗೆ ನೆರವಾಗುತ್ತಿದ್ದಳು...’

ಆಕೆ ಕಿರುಚಲಿಲ್ಲ. ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಒಲೆಗೆ ಹಾಕಿದಳು. ಇನ್ನೊಂದು ಹಾಳೆ ಆತನ ಮುಂದಿಟ್ಟು ಎದುರಿಗೆ ಕೂತಳು.

“ನಾ ಹೇಳ್ತೀನಿ, ನೀವು ಬರ್ರಿ. ನನ್ನ ಹೆಂಡತಿ ಚೆನ್ನಬಸಮ್ಮ ರೊಟ್ಟಿ ಬಡಿದು ದುಡಿಯುತ್ತಾಳೆ.”

ಬರೆದ.

“ಆಕೆಯ ಕೆಲಸ ಏನು ಎಂದು ಕೇಳಿದಾಗ ಏನೂ ಇಲ್ಲ ಎಂದು ಹೇಳಿದವನು ನಾನು.”

ಪೆನ್ನು ಸ್ವಲ್ಪ ತಡೆಯಿತು. ಬರೆದ.

“ಈ ಮನೆಯ ಮೇಲಿನ ಸಾಲದ ಕಂತನ್ನು ಕೈ ಮುರಿಯುವವರೆಗೆ ಕಟ್ಟಿದ್ದು ಆಕೆಯ ದುಡಿಮೆಯಿಂದ.”

ಜಂಬಯ್ಯ ತಲೆ ಎತ್ತಿದ. ಬಾಗಿಲು ತೆರೆದೇ ಇತ್ತು, ಹೊರಗೆ ಕಟ್ಟೆಯ ಮೇಲೆ ಇಬ್ಬರು ಕೂತು ಬೀಡಿ ಸೇದುತ್ತಿದ್ದರು. ಆತ ದನಿ ಇಳಿಸಿ ಕೇಳಿದ: “ಇದನ್ನೂ ಬರೀಬೇಕೇನ?”

“ಬರ್ರಿ,” ಎಂದಳು ಚೆನ್ನಬಸಮ್ಮ. “ಬರದು, ಕೆಳಗ ಸಹಿ ಹಾಕಿ, ಒಂದ್ಸಲ ಗಟ್ಟಿಯಾಗಿ ಓದ್ರಿ.”